ಚಂದ್ರನ ಮೊಲ: ಸೈಲರ್ ಮೂನ್ ನಾಯಕಿಯನ್ನು ಹೆಸರಿನಿಂದ ಓದುವುದು

ಜಪಾನಿ ಕಲಿಯುತ್ತಾ 'ಸೈಲರ್ ಮೂನ್' ಎಂಬ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ನೋಡುತ್ತಿದ್ದೀರಾ? ಹಾಗಾದರೆ ಮೊದಲು ಹೆಸರುಗಳನ್ನು ಬಿಡಿಸಿ ನೋಡಿ. ನಾನು ಮೊದಲ ಸಲ ಸುಮ್ನೆ ಕಥೆಯ ಹಿಂದೆ ಓಡಿದ್ದೆ. ಹೆಸರು ಅರ್ಥವಾದ ಮೇಲೇ ನಾಯಕಿ ಹತ್ತಿರವಾದಳು.

ಅವಳು ತ್ಸುಕಿನೊ ಉಸಾಗಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. 'ತ್ಸುಕಿ' ಅಂದರೆ ಚಂದ್ರ, 'ಉಸಾಗಿ' ಅಂದರೆ ಮೊಲ. ನಡುವಿನ 'ನೊ' ಬರೆಯುವುದು ಬಯಲು ಎಂಬ ಅರ್ಥದ ಅಕ್ಷರದಲ್ಲಿ. ಆದರೆ ಕಿವಿಗೆ ಅದು 'ಚಂದ್ರನ' ಎಂಬುದರ ಕೊನೆಯ 'ನ' ಇದ್ದ ಹಾಗೆ. ಒಟ್ಟಿಗೆ ಕೇಳಿದರೆ 'ಚಂದ್ರನ ಮೊಲ'. ನಮಗಿದು ಹೊಸದಲ್ಲ, ಅಲ್ವಾ? ಶಶಾಂಕ ಅಂದರೂ ಮೊಲದ ಗುರುತು ಇರುವವನೇ. ಜಪಾನಿನವರಿಗೆ ಆ ಮೊಲ ಒನಕೆ ಹಿಡಿದು 'ಮೋಚಿ' ಎಂಬ ಅಕ್ಕಿಯ ತಿನಿಸಿಗೆ ಅನ್ನ ಕುಟ್ಟುವಂತೆ ಕಾಣುತ್ತದೆ. ಹಸಿದ ಅತಿಥಿಗಾಗಿ ಬೆಂಕಿಗೆ ಹಾರಿದ ಮೊಲದ ಜಾತಕ ಕಥೆಯೂ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋಗಿದೆ. ಈ ಕಥೆ ನೆನಪಿಟ್ಟುಕೊಳ್ಳಿ.

ಉಸಾಗಿಯ ಜೊತೆ ಹೋರಾಡುವ ಗೆಳತಿಯರು ಒಬ್ಬೊಬ್ಬರೂ ಒಂದೊಂದು ಗ್ರಹಕ್ಕೆ ಸೇರಿದವರು. ಅವರ ಹೆಸರುಗಳಲ್ಲಿ ವಾರದ ದಿನಗಳೇ ಅಡಗಿವೆ. ಮಿಜುನೊ ಅಮಿಯ 'ಮಿಜು' ನೀರು. ಜಪಾನಿಯಲ್ಲಿ ಬುಧ ಗ್ರಹ 'ನೀರಿನ ನಕ್ಷತ್ರ', ಬುಧವಾರ 'ನೀರಿನ ದಿನ', ಅಂದರೆ ಸುಯಿಯೋಬಿ. ಹಿನೊ ರೇಯ 'ಹಿ' ಬೆಂಕಿ: ಮಂಗಳ, ಕಾಯೋಬಿ. ಕಿನೊ ಮಕೊತೊಳ 'ಕಿ' ಮರ: ಗುರು, ಮೊಕುಯೋಬಿ. ಅಲ್ಲಿಯೂ ಇಲ್ಲಿಯೂ ಅದೇ ಗ್ರಹಕ್ಕೆ ಅದೇ ವಾರ! ಐನೊ ಮಿನಾಕೊ ಮಾತ್ರ ಬೇರೆ. ಶುಕ್ರ 'ಚಿನ್ನದ ನಕ್ಷತ್ರ', ಆದರೆ ಅವಳ ಹೆಸರಿನ 'ಐ' ಅಂದರೆ ಪ್ರೀತಿ.

ಹಿನ್ನೆಲೆ ಇಷ್ಟು ಸಾಕು. ಮಾಯಾ ಹುಡುಗಿಯರ ಅನಿಮೆ 1966ರ 'ಸ್ಯಾಲಿ'ಯಿಂದ ಶುರುವಾಯಿತು. 'ಸೈಲರ್ ಮೂನ್' ರಚಿಸಿದ ತಾಕೆಉಚಿ ನಾವೊಕೊ ಅವರು ಆ ಹುಡುಗಿಯನ್ನು ಒಂಟಿಯಾಗಿ ಬಿಡದೆ, ಹೋರಾಡುವ ತಂಡದೊಳಗೆ ತಂದರು. ಅವರ ಮಾಂಗಾವನ್ನು, ಅಂದರೆ ಚಿತ್ರಕಥೆಯನ್ನು, ತೋಯಿ ಸಂಸ್ಥೆ ಅನಿಮೆ ಮಾಡಿತು. 1992ರ ಮಾರ್ಚ್ 7ರಿಂದ 1997ರವರೆಗೆ 200 ಕಂತುಗಳು ಬಂದವು.

ಮೊದಲ ಕಂತನ್ನು ನಿಧಾನವಾಗಿ ನೋಡಿ. ಹದಿನಾಲ್ಕರ ಉಸಾಗಿ ಶಾಲೆಗೆ ತಡ, ಪರೀಕ್ಷೆಯಲ್ಲಿ 30 ಅಂಕ. ಲೂನಾ ಎಂಬ ಕಪ್ಪು ಬೆಕ್ಕು ಕೊಟ್ಟ ಪದಕ ಹಿಡಿದು ಮಂತ್ರ ಹೇಳಿದರೆ ಬಟ್ಟೆ ಬದಲಾಗುತ್ತದೆ, ಅಳುಬುರುಕಿ ಬದಲಾಗುವುದಿಲ್ಲ. ರಾಕ್ಷಸಿ ಎದುರು ಜೋರಾಗಿ ಅಳುತ್ತಾಳೆ. ಆ ಅಳುವಿನ ಸದ್ದೇ ಶತ್ರುಗಳನ್ನು ತಡೆಯುತ್ತದೆ! ನನಗೆ ಈ ದೃಶ್ಯ ತುಂಬಾ ಇಷ್ಟ. ಅವಳ ದೌರ್ಬಲ್ಯ ಅಂತ ನಾವು ಅಂದುಕೊಂಡಿದ್ದೇ ಅಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಮೊದಲ ಭಾಗದ ಕೊನೆಯ 45 ಮತ್ತು 46ನೇ ಕಂತು. ಗೆಳತಿಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಉಸಾಗಿ ಅಳುತ್ತಲೇ ಮುಂದೆ ಹೋಗುತ್ತಾಳೆ. ಅವಳ ಬಳಿ ಇರುವ ಮಾಯಾ ಬೆಳ್ಳಿ ಹರಳಿನ ಪೂರ್ತಿ ಶಕ್ತಿ ಬಳಸಿದರೆ ಜೀವ ಹೋಗುತ್ತದೆ, ಆದರೂ ಬಳಸುತ್ತಾಳೆ. ಬೆಂಕಿಗೆ ಹಾರಿದ ಮೊಲ ನನಗೆ ನೆನಪಾಗುವುದು ಇಲ್ಲೇ. ಹಿಂದಿನ ಜನ್ಮದಲ್ಲಿ ಅವಳು ಚಂದ್ರನ ರಾಜಕುಮಾರಿ. ಆದರೂ ಕೊನೆಗೆ ಅವಳು ಬೇಡುವುದು ಸಿಂಹಾಸನವನ್ನಲ್ಲ, ಮಾಮೂಲಿ ಬದುಕನ್ನು. ಎಲ್ಲರೂ ಬದುಕಿ ಬರುತ್ತಾರೆ, ಆದರೆ ನಡೆದದ್ದು ಉಸಾಗಿಗೂ ಗೆಳತಿಯರಿಗೂ ನೆನಪಿಲ್ಲ. ಬೆಳಗಾಗುತ್ತದೆ. ಉಸಾಗಿಗೆ ಮತ್ತೆ ಶಾಲೆಗೆ ತಡವಾಗಿದೆ.