ಹೆಸರು ಅಳಿಸಿದ ನಕ್ಷೆ ತುಂಡಿನಲ್ಲಿ ಸ್ಟೇಷನ್ ಹಿಡಿಯೋದು

ಆಟ ಇಷ್ಟೇ. ಒಬ್ಬರು ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನಿಂದ, ಅಂದರೆ ಬೆಟ್ಟ, ಹೊಳೆ, ಹಳಿ, ಊರು ಎಲ್ಲ ತೋರಿಸುವ ನಕ್ಷೆಯಿಂದ, ಅಂಗೈ ಅಗಲದ ತುಂಡು ತೆಗೆದು, ಹೆಸರುಗಳನ್ನೆಲ್ಲ ಅಳಿಸಿ ಕೊಡುತ್ತಾರೆ. ಅದರಲ್ಲಿರೋದು ಯಾವ ರೈಲ್ವೆ ಸ್ಟೇಷನ್ ಅಂತ ಉಳಿದವರು ಹೇಳಬೇಕು.

ಹೊಸಬರು ಮೊದಲು ಊರಿನ ಆಕಾರ ನೋಡುತ್ತಾರೆ. ಅದು ಬೇಡ. ಊರು ಬೆಳೆಯುತ್ತೆ, ಶೀಟ್ ಹಳೇದಾಗಿರುತ್ತೆ. ಕೆರೆಯನ್ನೂ ನಂಬಬೇಡಿ, ನಮ್ಮ ಕಡೆ ಕೆರೆ ಇಲ್ಲದ ಊರು ಯಾವುದಿದೆ ಹೇಳಿ? ಹಳಿ ನೆಲದ ಮೇಲೆ ಹೇಗೆ ಮಲಗಿದೆ ಅನ್ನೋದನ್ನ ಮೊದಲು ನೋಡಿ.

ಮಲೆನಾಡಿನ ತುಂಡುಗಳಲ್ಲಿ ಕಾಂಟೂರ್ ಗೆರೆಗಳೇ, ಅಂದರೆ ಒಂದೇ ಎತ್ತರದ ಜಾಗಗಳನ್ನ ಸೇರಿಸುವ ಗೆರೆಗಳೇ, ಜಾಸ್ತಿ ಮಾತಾಡುತ್ತವೆ. ಇಲ್ಲೊಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. 1:50,000 ಶೀಟಿನಲ್ಲಿ 2 ಸೆಂ.ಮೀ. ಅಂದರೆ ನೆಲದಲ್ಲಿ 1 ಕಿ.ಮೀ. ಒಂದು ಕಾಂಟೂರಿಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ವ್ಯತ್ಯಾಸ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿಯ ಏರು 50ಕ್ಕೆ 1, ಅಂದರೆ 20 ಮೀಟರ್ ಹತ್ತಬೇಕಾದರೆ ರೈಲು 1,000 ಮೀಟರ್ ಓಡಬೇಕು, ಹಾಗಾಗಿ ಅಷ್ಟು ಕಡಿದಾದ ಘಾಟಿಯಲ್ಲೂ ಹಳಿ ನಕ್ಷೆ ಮೇಲೆ 2 ಸೆಂ.ಮೀ. ಹೋದರೆ ಹತ್ತೋದು ಒಂದೇ ಗೆರೆಯಷ್ಟು. ಅಷ್ಟರೊಳಗೆ ಐದಾರು ಗೆರೆ ದಾಟಿದ ಹಾಗೆ ಕಂಡರೆ ಅಲ್ಲಿ ಸುರಂಗ ಇರಬೇಕು, ಇಲ್ಲಾ ಕಣಿವೆ ಮೇಲೆ ಸೇತುವೆ ಇರಬೇಕು. ಈ ಘಾಟಿಯಲ್ಲಿ ಸುರಂಗಗಳೇ 57 ಇವೆ. ಸುತ್ತ ಬರೀ ಕಾಡು, ಊರಿನ ಸುಳಿವೇ ಇಲ್ಲ, ಆದರೂ ಸ್ಟೇಷನ್ ಗುರುತಿದೆ ಅಂದರೆ ಎಡಕುಮರಿ, ಶಿರಿಬಾಗಿಲು, ಕಡಗರವಳ್ಳಿ ಇವನ್ನ ಮೊದಲು ನೆನೆಸಿಕೊಳ್ಳಿ.

ಆಮೇಲೆ ಹೊಳೆ. ದೊಡ್ಡ ಹೊಳೆ, ಅದರ ಮೇಲೆ ರೈಲು ಸೇತುವೆ, ಎರಡೂ ದಡದಲ್ಲಿ ಹತ್ತಿರ ಹತ್ತಿರ ಒಂದೊಂದು ಸ್ಟೇಷನ್ ಇದ್ದರೆ ಅದು ತುಂಗೆ, ಅದು ಶಿವಮೊಗ್ಗ. ವಿದ್ಯಾನಗರದ ಕಡೆ ಚಿಕ್ಕದು, ಆಚೆ ದಡದಲ್ಲಿ ಶಿವಮೊಗ್ಗ ಟೌನ್. ಭದ್ರಾವತಿ ಇನ್ನೂ ಸುಲಭ. ಕಬ್ಬಿಣದ ಕಾರ್ಖಾನೆಗೆ ಹೋಗುವ ಹಳಿಗಳೇ ಹೇಳಿಬಿಡುತ್ತವೆ. ತಾಳಗುಪ್ಪದಲ್ಲಿ ಲೈನೇ ಮುಗಿಯುತ್ತೆ, ಆದರೆ ಕೊಡುವವರು ಜಾಣರಾಗಿದ್ದರೆ ಆ ಕೊನೆಯನ್ನ ತುಂಡಿನಿಂದ ಹೊರಗೆ ಬಿಟ್ಟಿರುತ್ತಾರೆ.

ಎಲ್ಲರನ್ನೂ ಸಿಕ್ಕಿಸೋದು ಬೀರೂರು ಮತ್ತು ಕಡೂರು. ಎರಡೂ ಜಂಕ್ಷನ್, ಎರಡೂ ಬೆಂಗಳೂರು–ಹುಬ್ಬಳ್ಳಿ ಲೈನಿನ ಮೇಲೆ, ಅಕ್ಕಪಕ್ಕದಲ್ಲೇ ಇವೆ. ಕವಲು ಯಾವ ದಿಕ್ಕಿಗೆ ಹೋಗುತ್ತೆ ನೋಡಿ. ಬೀರೂರಿನಲ್ಲಿ ವಾಯವ್ಯಕ್ಕೆ, ಅಂದರೆ ತರೀಕೆರೆ, ಶಿವಮೊಗ್ಗದ ಕಡೆ. ಕಡೂರಿನಲ್ಲಿ ನೈಋತ್ಯಕ್ಕೆ, ಚಿಕ್ಕಮಗಳೂರಿನ ಕಡೆ. ಚಿಕ್ಕಮಗಳೂರು ಲೈನ್ ಶುರುವಾಗಿದ್ದು 2013ರಲ್ಲಿ. ಹಾಗಾಗಿ ಹಳೇ ಶೀಟಿನಲ್ಲಿ ಕಡೂರಿಗೆ ಕವಲೇ ಇರೋದಿಲ್ಲ. ಉತ್ತರ ಹೇಳುವ ಮೊದಲು ಶೀಟ್ ಯಾವ ವರ್ಷದ್ದು ಅಂತ ಕೇಳಿ; ಆಟದಲ್ಲಿ ಅದನ್ನ ಕೇಳೋದು ತಪ್ಪಲ್ಲ.