ಡಬ್ಬದ ಮೇಲೆ ಬರೆದ ನೂಕುಬಲವನ್ನು ನಂಬಿ ವಿಮಾನ ಕಟ್ಟಬೇಡಿ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟು ಒಪ್ಪಿಸುವ ದಿನಗಳು ಹತ್ತಿರವಾದಂತೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಚಿಕ್ಕ ಶೆಡ್ಡಿಗೆ ಮೈಸೂರು, ಮಂಡ್ಯದ ಕಡೆಯ ವಿದ್ಯಾರ್ಥಿಗಳು ಬರಲಾರಂಭಿಸುತ್ತಾರೆ. ಕೈಯಲ್ಲಿ ಫೋಮ್‌ನಿಂದ ಕಟ್ಟಿದ ವಿಮಾನ, ಅದರ ಹೊಟ್ಟೆಯಲ್ಲಿ ಕೊಳವೆಯೊಳಗೆ ತಿರುಗುವ ಡಕ್ಟೆಡ್ ಫ್ಯಾನು. ನೆಲದಿಂದ ನೆಟ್ಟಗೆ ಮೇಲೇಳಬೇಕು, ಗಾಳಿಯಲ್ಲಿ ನಿಲ್ಲಬೇಕು, ಆಮೇಲೆ ಮುಂದಕ್ಕೆ ಹಾರಬೇಕು ಎಂಬುದು ಎಲ್ಲರ ಆಸೆ. ಆಸೆ ದೊಡ್ಡದು, ನನಗೂ ಅದು ಪ್ರಿಯವಾದದ್ದೇ. ಆದರೆ ಹತ್ತರಲ್ಲಿ ಎಂಟು ತಂಡಗಳು ಫ್ಯಾನಿನ ಡಬ್ಬದ ಮೇಲೆ ಬರೆದ ನೂಕುಬಲವನ್ನು, ಅಂದರೆ ಫ್ಯಾನು ಎಷ್ಟು ತೂಕ ಎತ್ತಬಲ್ಲದೆಂಬ ಅಂಕಿಯನ್ನು, ನಂಬುವ ಒಂದೇ ತಪ್ಪನ್ನು ಮಾಡಿಕೊಂಡು ಬರುವುದನ್ನು ನೋಡಿ ನೋಡಿ, ಈ ಒಂದು ವಿಷಯವನ್ನು ಬಿಡಿಸಿ ಬರೆಯಲೇಬೇಕೆಂದು ಕುಳಿತಿದ್ದೇನೆ. ರಿಸೀವರ್ ಜೋಡಿಸುವುದು, ಸರ್ವೋ ಕೂರಿಸುವುದು, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಬೆಸುಗೆ ಹಾಕುವುದು ಇವೆಲ್ಲ ನಿಮಗೆ ಗೊತ್ತಿವೆ ಎಂದುಕೊಂಡೇ ಮುಂದುವರಿಯುತ್ತೇನೆ.

ಕಳೆದ ವರ್ಷ ಮಂಡ್ಯದ ಕಡೆಯಿಂದ ಇಬ್ಬರು ಹುಡುಗರು ಬಂದಿದ್ದರು. ಬಾಲದ ಮೇಲೆ ನಿಂತು ಏಳುವ ಮಾದರಿ, 90 ಮಿಲಿಮೀಟರಿನ ಒಂದೇ ಫ್ಯಾನು, ಅದರ ಬಿರುಗಾಳಿಯಂತೆ ನುಗ್ಗುವ ಹೊರಹರಿವಿನಲ್ಲಿ ದಿಕ್ಕು ತಿರುಗಿಸಲು ನಾಲ್ಕು ಪಟ್ಟಿಗಳು. ನೆಲದಿಂದ ಮೊಣಕಾಲೆತ್ತರಕ್ಕೆ ಏಳುತ್ತಿತ್ತು, ಒಂದು ಕಡೆಗೆ ವಾಲುತ್ತಿತ್ತು, ಕುಸಿಯುತ್ತಿತ್ತು. "ಸಾರ್, ಡಬ್ಬದ್ ಮೇಲೆ 2400 ಗ್ರಾಂ ಅಂತ ಬರ್ದವ್ರೆ. ನಮ್ದು ಬ್ಯಾಟ್ರಿ ಸೇರಿ 2100 ಗ್ರಾಂ. ಏಳ್ಬೇಕಲ್ವಾ?" ಎಂದು ಒಬ್ಬನು ಕೇಳಿದ. ನಾನು ಅವರಿಗೆ ಹೇಳಿದ್ದು ಇಷ್ಟೇ: ಮನೆಗೆ ಹೋಗಿ, ಫ್ಯಾನನ್ನು ತಕ್ಕಡಿಯ ಮೇಲೆ ಇಟ್ಟು, ಪೂರ್ತಿ ಒಂದು ನಿಮಿಷ ಓಡಿಸಿ, ಹತ್ತು ಸೆಕೆಂಡಿಗೊಮ್ಮೆ ಬರೆದುಕೊಂಡು ಬನ್ನಿ.

ಅವರಲ್ಲೊಬ್ಬನ ಮನೆಯಲ್ಲಿ ಆಲೆಮನೆ ಇತ್ತು. ಬೆಲ್ಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮರದ ಚೌಕಟ್ಟು ಕಟ್ಟಿ, ಗಾಳಿ ಮೇಲಕ್ಕೆ ಹೋಗುವಂತೆ ಫ್ಯಾನನ್ನು ಬಿಗಿದು ಅಳೆದರು. ಮೊದಲ ಸೆಕೆಂಡುಗಳಲ್ಲಿ 2350 ಗ್ರಾಂ ಬಂತು, ಅಂದರೆ ಡಬ್ಬ ಸುಳ್ಳು ಹೇಳಿರಲಿಲ್ಲ. ನಲವತ್ತು ಸೆಕೆಂಡು ಕಳೆಯುವಷ್ಟರಲ್ಲಿ ಬ್ಯಾಟರಿಯ ವೋಲ್ಟೇಜು 25.2ರಿಂದ 21.6ಕ್ಕೆ ಇಳಿದಿತ್ತು, ತಕ್ಕಡಿ 1980 ತೋರಿಸುತ್ತಿತ್ತು. ಅದೇ ಫ್ಯಾನನ್ನು ವಿಮಾನದೊಳಗೆ ಕೂರಿಸಿ ಅಳೆದಾಗ ಸಿಕ್ಕಿದ್ದು 1780. ಎರಡು ಕೆಜಿಗೂ ಮೇಲ್ಪಟ್ಟ ವಿಮಾನ ಮೇಲೇಳದಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಮೊಣಕಾಲೆತ್ತರಕ್ಕಾದರೂ ಎದ್ದದ್ದು ಹೊಸದಾಗಿ ಚಾರ್ಜ್ ಮಾಡಿದ ಬ್ಯಾಟರಿಯ ಮೊದಲ ಕೆಲವು ಸೆಕೆಂಡುಗಳ ಬಲದಿಂದ.

ವಿಮಾನದೊಳಗೆ ಕಳೆದುಹೋದ ಆ ಇನ್ನೂರು ಗ್ರಾಂ ಎಲ್ಲಿ ಹೋಯಿತೆಂದು ನೋಡಿದರೆ, ಗಾಳಿ ಒಳಹೋಗುವ ಬಾಯಿಯನ್ನು ಅವರು ಬ್ಲೇಡಿನಿಂದ ಚೂಪಾಗಿ ಕತ್ತರಿಸಿಬಿಟ್ಟಿದ್ದರು. ನಿಂತಲ್ಲಿ ನಿಂತ ಫ್ಯಾನು ಎದುರಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಚೂಪಾದ ಅಂಚನ್ನು ಬಳಸಿ ತಿರುಗಲಾರದೆ ಗೋಡೆಯಿಂದ ಕಳಚಿಕೊಂಡು ಸುಳಿಯಾಗುತ್ತದೆ. ಮಡಕೆಯ ಕಂಠದಂತೆ ಹೊರಕ್ಕೆ ದುಂಡಗೆ ಬಾಗಿದ ಅಂಚಿದ್ದರೆ ಗಾಳಿ ಅದಕ್ಕೆ ಅಂಟಿಕೊಂಡೇ ಒಳಗೆ ಹರಿಯುತ್ತದೆ, ಅಲ್ಲಿ ಉಂಟಾಗುವ ಕಡಿಮೆ ಒತ್ತಡವೇ ವಿಮಾನವನ್ನು ಸ್ವಲ್ಪ ಮೇಲಕ್ಕೆಳೆಯುತ್ತದೆ. ಅದನ್ನು ಸರಿಪಡಿಸುವುದು ಸುಲಭ.

ಸುಲಭವಲ್ಲದ್ದು, ಮತ್ತು ಯಾರ ತಲೆಗೂ ಬೇಗ ಹೋಗದೆ ಇರುವುದು, ಫ್ಯಾನಿನ ಬಾಯಿಯ ಅಳತೆ. ನೂಕುಬಲ ತೂಕಕ್ಕಿಂತ ಹೆಚ್ಚಿದ್ದರೆ ಆಯಿತು ಎಂಬ ನಂಬಿಕೆಯಲ್ಲಿ, ಆ ಬಲವನ್ನು ಹುಟ್ಟಿಸಲು ಎಷ್ಟು ವಿದ್ಯುತ್ತು ಖರ್ಚಾಗುತ್ತದೆ ಎಂಬ ಪ್ರಶ್ನೆಯೇ ಮರೆತುಹೋಗುತ್ತದೆ. ಹರಿಗೋಲಿನಲ್ಲಿ ಹೊಳೆ ದಾಟಿದವರಿಗೆ ಇದು ಮೈಗೇ ಗೊತ್ತಿರುತ್ತದೆ. ಅಗಲವಾದ ಹುಟ್ಟಿನಿಂದ ಬಹಳ ನೀರನ್ನು ನಿಧಾನವಾಗಿ ತಳ್ಳಿದರೂ ಹರಿಗೋಲು ಸಾಗುತ್ತದೆ, ತೆಳ್ಳನೆಯ ಬಿದಿರುಕೋಲಿನಿಂದ ಸ್ವಲ್ಪ ನೀರನ್ನು ಬಿರುಸಾಗಿ ಬಡಿದರೂ ಸಾಗುತ್ತದೆ, ಆದರೆ ಎರಡನೆಯದರಲ್ಲಿ ತೋಳು ಸೋಲುತ್ತದೆ. ತಳ್ಳುವ ಬಲ ವೇಗದ ಲೆಕ್ಕದಲ್ಲಿ ಹೆಚ್ಚಿದರೆ, ಅದಕ್ಕೆ ತೆರಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ.

ಅಂಕಿಯಲ್ಲೇ ನೋಡೋಣ. 90 ಮಿಲಿಮೀಟರಿನ ಫ್ಯಾನಿನಲ್ಲಿ, ನಡುವೆ ಮೋಟರು ಕೂರುವ ಭಾಗವನ್ನು ಬಿಟ್ಟರೆ, ಗಾಳಿ ಹಾಯಲು ಉಳಿಯುವುದು ಸುಮಾರು 51 ಚದರ ಸೆಂಟಿಮೀಟರ್. ಇಷ್ಟು ಕಿಂಡಿಯಿಂದ ಎರಡು ಕೆಜಿಯನ್ನು ಎತ್ತಿ ಹಿಡಿಯಬೇಕಾದರೆ ಸೆಕೆಂಡಿಗೆ ಸುಮಾರು 330 ಗ್ರಾಂ ಗಾಳಿಯನ್ನು 60 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿ, ಕೆಳಕ್ಕೆ ಎಸೆಯಬೇಕು. ಕಾಗದದ ಮೇಲೆ ಇದಕ್ಕೆ 590 ವಾಟ್ ಸಾಕು. ಮೋಟರು, ಇಎಸ್‌ಸಿ, ಅಲಗುಗಳ ನಷ್ಟ ಸೇರಿದರೆ ಬ್ಯಾಟರಿಯಿಂದ ಸಾವಿರ ವಾಟ್‌ಗೂ ಮೇಲೆ ಹೋಗುತ್ತದೆ. ಅದೇ ಎರಡು ಕೆಜಿಯನ್ನು ಹತ್ತು ಇಂಚಿನ ನಾಲ್ಕು ತೆರೆದ ಪ್ರೊಪೆಲ್ಲರುಗಳು ಎತ್ತುವುದಾದರೆ ಅವುಗಳ ಒಟ್ಟು ವಿಸ್ತೀರ್ಣ ನಲವತ್ತು ಪಟ್ಟು ಹೆಚ್ಚು. ಸೆಕೆಂಡಿಗೆ ಒಂದೂವರೆ ಕೆಜಿಯಷ್ಟು ಗಾಳಿಯನ್ನು 13–14 ಮೀಟರ್ ವೇಗದಲ್ಲಿ ತಳ್ಳಿದರೆ ಸಾಕು, ಬ್ಯಾಟರಿಯಿಂದ ಹೋಗುವುದು ಸುಮಾರು 230–250 ವಾಟ್. ಕೊಳವೆಯ ಗೋಡೆಯಿಂದ ಸಿಗುವ ಲಾಭವನ್ನು ಸೇರಿಸಿಯೇ ಈ ಲೆಕ್ಕ. ನಿಮ್ಮ ಫ್ಯಾನಿಗೆ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು, ವಾಟ್ ಮೀಟರ್ ಹೇಳುವುದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಿ. ಆದರೆ ನಾಲ್ಕು ಪಟ್ಟನ್ನೂ ಮೀರಿದ ಈ ಅಂತರವನ್ನು ಯಾವ ದುಬಾರಿ ಮೋಟರೂ ಮುಚ್ಚಲಾರದು.

ಇಲ್ಲಿ ಇನ್ನೊಂದು ಮಾತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. 28 ಡಿಗ್ರಿಯ ಮಧ್ಯಾಹ್ನ ನಮ್ಮ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.07 ಕೆಜಿ, ಪುಸ್ತಕಗಳಲ್ಲಿರುವ 1.225 ಅಲ್ಲ. ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೂ ನೂಕುಬಲ ಎಂಟರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಎದ್ದ ವಿಮಾನ ಮಧ್ಯಾಹ್ನ ತಡವರಿಸಿದರೆ ರೇಡಿಯೋ ಮೇಲೆ ಅನುಮಾನ ಪಡಬೇಕಿಲ್ಲ.

ಶಕ್ತಿ ಸಾಲದೆಂದು ತಿಳಿದ ಕೂಡಲೇ ಎಲ್ಲರೂ ದೊಡ್ಡ ಬ್ಯಾಟರಿ ಹಾಕುತ್ತಾರೆ. ಈ ಹುಡುಗರೂ ಆರು ಕೋಶಗಳ (6ಎಸ್), 5000 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಹಾಕಿದ್ದರು, ಅದೊಂದೇ 750 ಗ್ರಾಂ. ನಿಂತಲ್ಲೇ ನಿಲ್ಲಲು ಬೇಕಾದ ಶಕ್ತಿ ತೂಕದ ಒಂದೂವರೆ ಘಾತದಲ್ಲಿ, ಅಂದರೆ ತೂಕಕ್ಕಿಂತ ಬೇಗ, ಏರುತ್ತದೆ. ನಾನು ಅವರಿಗೆ 3000 ಎಂಎಎಚ್ ಬ್ಯಾಟರಿ ಹಾಕಿಸಿ, ಮರದ ತೊಲೆಗಳನ್ನು ತೆಗೆಸಿ ಕಾರ್ಬನ್ ಕಡ್ಡಿ ಹಾಕಿಸಿ, ಒಟ್ಟು ತೂಕವನ್ನು 1520 ಗ್ರಾಮಿಗೆ ಇಳಿಸಿದೆ. ಲೆಕ್ಕ ಹಾಕಿದರೆ ಹಳೆಯ ವಿಮಾನ, ಏಳಬಲ್ಲದಾಗಿದ್ದರೆ, 4.7 ನಿಮಿಷ ನಿಲ್ಲುತ್ತಿತ್ತು, ಹೊಸದು 4.6 ನಿಮಿಷ. ಬ್ಯಾಟರಿ ಐದರಲ್ಲಿ ಮೂರು ಪಾಲಾದರೂ ಸಮಯ ಹೆಚ್ಚುಕಡಿಮೆ ಅಷ್ಟೇ. ಆ ಲೆಕ್ಕವನ್ನು ಇಬ್ಬರೂ ಎರಡೆರಡು ಸಲ ತಾವೇ ಮಾಡಿ ನೋಡಿದರು.

ಇನ್ನು, ನೂಕುಬಲ ತೂಕಕ್ಕಿಂತ ಎಷ್ಟು ಹೆಚ್ಚಿರಬೇಕು? ವಿಮಾನದೊಳಗೆ ಕೂರಿಸಿ, ಒಂದು ನಿಮಿಷದ ನಂತರ ಅಳೆದ ನೂಕುಬಲ ತೂಕದ 1.3 ಪಟ್ಟಾದರೂ ಇರಲಿ, 1.5 ಇದ್ದರೆ ನೆಮ್ಮದಿ. 30 ಡಿಗ್ರಿ ವಾಲಿದ ವಿಮಾನದಲ್ಲಿ ಮೇಲಕ್ಕೆ ಎತ್ತುವ ಪಾಲು ಶೇಕಡ 87ಕ್ಕೆ ಇಳಿಯುತ್ತದೆ. ಹೊರಹರಿವಿನ ಪಟ್ಟಿಗಳು ತಿರುಗಿದಾಗ ಅವೂ ಒಂದಿಷ್ಟನ್ನು ತಿನ್ನುತ್ತವೆ. ಜೊತೆಗೆ, ಇಳಿಸಲೆಂದು ಫ್ಯಾನಿನ ವೇಗವನ್ನು ತಗ್ಗಿಸಿದಾಗ ಪಟ್ಟಿಗಳ ಮೇಲೆ ಹಾಯುವ ಗಾಳಿಯೂ ತಗ್ಗಿ ಹಿಡಿತ ಸಡಿಲವಾಗುತ್ತದೆ. ಬಹಳಷ್ಟು ವಿಮಾನಗಳು ಮುರಿಯುವುದು ಏಳುವಾಗ ಅಲ್ಲ, ಇಳಿಯುವಾಗ.

ನೆಟ್ಟಗೆ ಏಳಬಲ್ಲ ಹ್ಯಾರಿಯರ್ ಯುದ್ಧವಿಮಾನದ ಉದಾಹರಣೆ ಕೊಡುವವರಿಗೆ ನಾನು ಐಎನ್ಎಸ್ ವಿರಾಟ್ ವಿಮಾನವಾಹಕ ಹಡಗಿನ ಮುಂಭಾಗವನ್ನು ನೆನಪಿಸುತ್ತೇನೆ. ನಮ್ಮ ನೌಕಾಪಡೆಯಲ್ಲಿ 1983ರಿಂದ 2016ರವರೆಗೆ ಇದ್ದ ಸೀ ಹ್ಯಾರಿಯರ್‌ಗಳು ನೆಟ್ಟಗೆ ಏಳಬಲ್ಲವಾಗಿದ್ದರೂ, ಇಂಧನ, ಶಸ್ತ್ರಗಳ ಭಾರ ಹೊತ್ತಾಗ ಚಿಕ್ಕ ಓಟದಿಂದ ಮೇಲೇಳಲೆಂದೇ ಆ ಹಡಗಿಗೆ 12 ಡಿಗ್ರಿಯ ಏರುಹಾದಿ ಇತ್ತು. ರೆಕ್ಕೆಯಿಂದ ಸಿಗುವ ಎತ್ತುವಿಕೆ ಅಷ್ಟು ಅಗ್ಗ. ಆದ್ದರಿಂದ ಗಾಳಿಯಲ್ಲಿ ನಿಲ್ಲುವ ಸಮಯವನ್ನು ಇಪ್ಪತ್ತು ಮೂವತ್ತು ಸೆಕೆಂಡಿಗೆ ಮಿತಿಗೊಳಿಸಿ, ಬೇಗ ರೆಕ್ಕೆಯ ಬಲದಿಂದ ಮುಂದಕ್ಕೆ ಹಾರುವಂತೆ ವಿನ್ಯಾಸ ಮಾಡಿ. ಇಲ್ಲವೇ ಎತ್ತುವುದಕ್ಕೆ ನಾಲ್ಕು ತೆರೆದ ಪ್ರೊಪೆಲ್ಲರು, ಮುಂದೆ ಹಾರುವುದಕ್ಕೆ ಮಾತ್ರ ಡಕ್ಟೆಡ್ ಫ್ಯಾನು ಇಡಿ. ವಿಮಾನದ ಹಾರಾಟವನ್ನು ನಿಯಂತ್ರಿಸುವ ಆರ್ಡುಪೈಲಟ್ ತಂತ್ರಾಂಶದಲ್ಲಿ ಎರಡೂ ಬಗೆಗೆ ಸಿದ್ಧ ವ್ಯವಸ್ಥೆ ಇದೆ.

ಮೊದಲ ಹಾರಾಟವನ್ನು ಹಗ್ಗ ಕಟ್ಟಿಯೇ ಮಾಡಿ. ಹ್ಯಾರಿಯರ್‌ನ ಪೂರ್ವಜ ಪಿ.1127 ಕೂಡ 1960ರ ಅಕ್ಟೋಬರಿನಲ್ಲಿ ಮೊದಲು ಎದ್ದದ್ದು ನೆಲಕ್ಕೆ ಕಟ್ಟಿಸಿಕೊಂಡೇ. ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಇರುವುದರಿಂದ, ಬಯಲನ್ನು ಆರಿಸುವ ಮೊದಲು ಡ್ರೋನು ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿಕೊಳ್ಳಿ.

ಆ ಹುಡುಗರು ಬಾಯಿಗೆ ದುಂಡಂಚು ಕೂರಿಸಿ ಮತ್ತೆ ಆಲೆಮನೆಯ ತಕ್ಕಡಿಗೆ ಹಾಕಿದಾಗ, ಒಂದು ನಿಮಿಷದ ಕೊನೆಗೆ 1960 ಗ್ರಾಂ ಬಂತು. ಕಟಾವಾದ ಕಬ್ಬಿನ ಗದ್ದೆಯಲ್ಲಿ ಒಣಗರಿ ಗುಡಿಸಿ, ಫ್ಯಾನು ಕಸ ನುಂಗದಂತೆ ಟಾರ್ಪಾಲು ಹಾಸಿ, ನಾಲ್ಕು ಕಡೆ ನೈಲಾನ್ ಹಗ್ಗ ಬಿಗಿದು ಎಬ್ಬಿಸಿದರು. ಹಗ್ಗಗಳು ಸಡಿಲವಾಗಿಯೇ ಇದ್ದವು, ವಿಮಾನ ಆಳೆತ್ತರದಲ್ಲಿ ಐವತ್ತೆರಡು ಸೆಕೆಂಡು ನಿಂತು, ಬಾಲದ ಮೇಲೆಯೇ ಇಳಿಯಿತು. ಗದ್ದೆಯ ಬದುವಿನ ಮೇಲೆ ನಿಂತಿದ್ದ ಆಲೆಮನೆಯ ಹುಡುಗನ ತಂದೆ, ಇನ್ನೊಂದು ಸಲ ಬಿಡ್ರಪ್ಪ ಎಂದರು.