ರಿಕಂಬೆಂಟ್ ಟ್ರೈಕ್‌ನ ಚೈನು ಸುತ್ತಿ ಬಳಸಿ ಓಡುವುದೇಕೆ?

ಓದುಗರ ಪ್ರಶ್ನೆ: ಒರಗಿ ಕುಳಿತು ತುಳಿಯುವ ರಿಕಂಬೆಂಟ್ ಟ್ರೈಕ್‌ನಲ್ಲಿ ಚೈನು ಸೀಟಿನಡಿ ಬಾಗಿ, ನಡುವೆ ಒಂದು ಗಾಲಿಯನ್ನು ಹಾದು, ಪ್ಲಾಸ್ಟಿಕ್ ಕೊಳವೆಯೊಳಗೂ ನುಗ್ಗುತ್ತದೆ. ಇಷ್ಟೆಲ್ಲ ಸುತ್ತಾಟದಲ್ಲಿ ತುಳಿದ ಶ್ರಮ ಪೋಲಾಗುವುದಿಲ್ಲವೇ?

ಆಗುತ್ತದೆ. ಆದರೆ ಎಲ್ಲ ತಿರುವುಗಳಲ್ಲೂ ಒಂದೇ ಸಮನಾಗಿ ಅಲ್ಲ.

ಮುಂದೆ ಎರಡು, ಹಿಂದೆ ಒಂದು ಗಾಲಿ ಇರುವ ಟ್ರೈಕನ್ನು ಪಕ್ಕದಿಂದ ನೋಡಿ. ಪೆಡಲ್‌ಗಳು ಎಲ್ಲಕ್ಕಿಂತ ಮುಂದೆ, ಸೀಟಿನ ತಳಕ್ಕಿಂತ ಎತ್ತರದಲ್ಲಿವೆ. ಅಲ್ಲಿಂದ ಹಿಂದಿನ ಗಾಲಿಯ ನಡುವಿಗೆ ದಾರ ಕಟ್ಟಿದರೆ ಅದು ಸೀಟನ್ನೋ ಸವಾರನ ತೊಡೆಯನ್ನೋ ತಾಗುತ್ತದೆ. ಆದ್ದರಿಂದ ಚೈನನ್ನು ಕೆಳಕ್ಕೆ ಒತ್ತಿ ಹಿಡಿಯಲು ಸೀಟಿನಡಿ ಐಡ್ಲರ್ ಎಂಬ ಹಲ್ಲಿನ ಗಾಲಿ ಬೇಕಾಗುತ್ತದೆ. ಪೆಡಲ್‌ಗಳು ಅಷ್ಟು ಮುಂದಿರುವುದರಿಂದ ಚೈನು ಉದ್ದವೂ ಆಗುತ್ತದೆ. ಮಾಮೂಲಿ ಸೈಕಲ್ಲಿನ ಎರಡೂವರೆಯಿಂದ ಮೂರು ಚೈನುಗಳನ್ನು ಸೇರಿಸಿದರೆ ಟ್ರೈಕಿಗೆ ಒಂದಾಗುತ್ತದೆ.

ಚೈನಿನ ಮೇಲಿನ ಮಗ್ಗುಲು ಹಿಂದಿನ ಗಾಲಿಯನ್ನು ಎಳೆಯುತ್ತದೆ, ಕೆಳಗಿನದು ಸುಮ್ಮನೆ ಮರಳಿ ಬರುತ್ತದೆ. ಪೆಡಲ್ ಮೇಲೆ 50 ಕೆ.ಜಿ.ಯಷ್ಟು ಒತ್ತಡ ಬಿದ್ದಿತೆನ್ನಿ. ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, 170 ಮಿ.ಮೀ., ಅದಕ್ಕೆ ಅಂಟಿದ ಹಲ್ಲುಚಕ್ರ 52 ಹಲ್ಲಿನದಾದರೆ ಎಳೆಯುವ ಮಗ್ಗುಲಿನಲ್ಲಿ ಸುಮಾರು 80 ಕೆ.ಜಿ. ಬಿಗಿತ. ಏರು ಬಂದು 30 ಹಲ್ಲಿಗೆ ಇಳಿದರೆ ಅದೇ ತುಳಿತಕ್ಕೆ ಸುಮಾರು 140! ಬಾವಿಯ ರಾಟೆಯ ಅಚ್ಚಿನ ಮೇಲೆ ಕೊಡದ ತೂಕವೂ ಸೇದುವವರ ಎಳೆತವೂ ಸೇರಿ ಬೀಳುವಂತೆ, ಚೈನು ಎಷ್ಟು ಬಾಗುತ್ತದೆಯೋ ಐಡ್ಲರಿನ ಮೇಲೆ ಅಷ್ಟು ಭಾರ. ಬರೀ 20 ಡಿಗ್ರಿ ಬಾಗಿದರೂ ಈ ಏರಿನಲ್ಲಿ ಅದರ ಬೇರಿಂಗ್ ಮೇಲೆ 50 ಕೆ.ಜಿ. ಹತ್ತಿರ ಬೀಳುತ್ತದೆ. ಬಿಗಿಯಾಗಿದ್ದಾಗಲೇ ಪ್ರತಿ ಕೊಂಡಿಯೂ ತನ್ನ ಪಿನ್ನಿನ ಮೇಲೆ ಉಜ್ಜಿ ಬಾಗಬೇಕು, ಮತ್ತೆ ನೆಟ್ಟಗಾಗಬೇಕು. ಶ್ರಮ ಸೋರುವುದು ಇಲ್ಲಿಯೇ. ಹಾಗಾಗಿ ಎಳೆಯುವ ಮಗ್ಗುಲನ್ನು ಸಾಧ್ಯವಾದಷ್ಟು ನೆಟ್ಟಗೆ ಇಟ್ಟಿರುವ ಟ್ರೈಕೇ ಒಳ್ಳೆಯ ಟ್ರೈಕ್ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಐಡ್ಲರ್ ಒಂದೇ ಇರಲಿ, ದೊಡ್ಡದಿರಲಿ, ಒಳ್ಳೆಯ ಬೇರಿಂಗ್ ಮೇಲೆ ತಿರುಗಲಿ.

ಮರಳುವ ಮಗ್ಗುಲಿನ ಮಾತೇ ಬೇರೆ. ಅಲ್ಲಿರುವುದು ಹಿಂದೆ ಗೇರ್ ಬದಲಿಸುವ ಡಿರೇಲ್ಯೂರ್‌ನ ಸ್ಪ್ರಿಂಗಿನ ಎಳೆತ ಮಾತ್ರ. ಬೇಕಾದತ್ತ ಬಾಗಿಸಿ ಕೊಳವೆಯಲ್ಲಿ ತೂರಿಸಿದರೂ ನಷ್ಟ ಅಲ್ಪ. ಕೊಳವೆ ಇದ್ದರೆ ಪ್ಯಾಂಟಿಗೆ ಎಣ್ಣೆ ಮೆತ್ತುವುದಿಲ್ಲ, ಚೈನು ಕುಣಿದು ಫ್ರೇಮಿಗೆ ಬಡಿಯುವುದಿಲ್ಲ. ಎಳೆಯುವ ಮಗ್ಗುಲಿಗೂ ಕೊಳವೆ ಹಾಕುವುದುಂಟು. ಆಗ ಅದು ಚೈನಿನ ಸಹಜ ಗೆರೆಯಲ್ಲೇ ನೆಟ್ಟಗಿರಬೇಕು, ಚೈನನ್ನು ಬಾಗಿಸುವ ಕೆಲಸವನ್ನು ಅದಕ್ಕೆ ವಹಿಸಬಾರದು.

ಕೊಳವೆಯ ಬಾಯನ್ನು ಬಿಸಿ ಮಾಡಿ ತುಸು ಅಗಲಿಸಿರಬೇಕು. ನೇರವಾಗಿ ಕತ್ತರಿಸಿ ಬಿಟ್ಟರೆ ಕೊಂಡಿಗಳು ಅದರ ಅಂಚನ್ನು ಕೆರೆಯುತ್ತಾ ಕರಕರ ಸದ್ದು ಮಾಡುತ್ತವೆ. ಒಂದು ತುದಿಯನ್ನು ಫ್ರೇಮಿಗೆ ಕಟ್ಟಿರಬೇಕು, ಇಲ್ಲದಿದ್ದರೆ ಕೊಳವೆ ಚೈನಿನ ಜೊತೆಗೇ ಜಾರಿಹೋಗುತ್ತದೆ. ಇನ್ನೊಂದು ತುದಿಯನ್ನು ಸಡಿಲ ಬಿಡಬಹುದು, ಗೇರ್ ಬದಲಾದಂತೆ ಅದು ಚೈನನ್ನು ಅನುಸರಿಸುತ್ತದೆ.

ಉದ್ದದಿಂದ ಲಾಭವೂ ಇದೆ. ಪ್ರತಿ ಕೊಂಡಿ ಹಲ್ಲುಗಳ ಮೇಲೆ ಹಾಯುವ ಸರದಿ ಅಪರೂಪವಾಗುವುದರಿಂದ ಚೈನು ನಿಧಾನವಾಗಿ ಸವೆಯುತ್ತದೆ.

ಕೊಳ್ಳುವ ಮುನ್ನ ಹಿಂದಿನ ಗಾಲಿಯನ್ನು ಎತ್ತಿ ಹಿಡಿದು ಪೆಡಲನ್ನು ಕೈಯಲ್ಲಿ ತಿರುಗಿಸಿ, ಎಳೆಯುವ ಮಗ್ಗುಲು ಎಷ್ಟು ಕಡೆ ಬಾಗುತ್ತದೆ ಎಂದು ಎಣಿಸಿ. ಐಡ್ಲರನ್ನು ಅಕ್ಕಪಕ್ಕ ಅಲ್ಲಾಡಿಸಿಯೂ ನೋಡಿ. ಕೆಲವು ಐಡ್ಲರ್‌ಗಳು ಅಚ್ಚಿನ ಉದ್ದಕ್ಕೂ ತುಸು ಸರಿಯುವಂತೆಯೇ ಮಾಡಿರುತ್ತಾರೆ, ಅದು ದೋಷವಲ್ಲ. ವಾಲಾಡಿದರೆ ಮಾತ್ರ ಬೇರಿಂಗ್ ಬದಲಿಸಲು ಹೇಳಿ.